ಹೆಜ್ಜೆ ಎಣಿಸಿದ ಉಪಾಧ್ಯಾಯ

ಶಾಲೆಯ ಗೋಡೆಯ ಮೇಲೆ ತೂಗುಹಾಕಿದ ಏಷ್ಯಾ ಖಂಡದ ಭೂಪಟವನ್ನು ನೋಡುವಾಗ, ಹಿಮಾಲಯದ ಉತ್ತರಕ್ಕೆ ಹಬ್ಬಿರುವ ಟಿಬೆಟ್ಟಿನ ಊರುಗಳೂ ನದಿಗಳೂ ಸರೋವರಗಳೂ ತಮ್ಮ ತಮ್ಮ ಸ್ಥಾನಗಳಲ್ಲಿ ನೆಲೆಗೊಂಡಿರುವುದು ತೀರ ಸಹಜವೆಂದು ತೋರುತ್ತದೆ. ಆದರೆ ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಭೂಪಟದ ಆ ಭಾಗವು ಬಹುಮಟ್ಟಿಗೆ ಬರಿಯ ಬಿಳಿಯ ಹಾಳೆಯಾಗಿತ್ತು. ಲ್ಹಾಸಾ ನಗರದ ಹೆಸರನ್ನು ಎಲ್ಲರೂ ಕೇಳಿದ್ದರು. ಅದು ಭೂಮಿಯ ಮೇಲೆ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ ಎಂಬುದನ್ನು ಖಚಿತವಾಗಿ ಹೇಳಬಲ್ಲವರು ಇರಲಿಲ್ಲ. ಆ ಬಿಳಿಯ ಹಾಳೆಯ ಮೇಲೆ ಮೊದಲ ನಿಖರವಾದ ಗೆರೆಗಳನ್ನು ಎಳೆದವನು ದೊಡ್ಡ ಸೇನಾಪತಿಯೂ ಅಲ್ಲ, ವಿಶ್ವವಿದ್ಯಾಲಯದ ಪ್ರಾಧ್ಯಾಪಕನೂ ಅಲ್ಲ. ಅವನು ಬೆಟ್ಟದ ಹಳ್ಳಿಯೊಂದರ ಶಾಲಾ ಉಪಾಧ್ಯಾಯ. ಅವನ ಹೆಸರು ನೈನ್ ಸಿಂಗ್ ರಾವತ್.

ನೈನ್ ಸಿಂಗ್ 1830ರಲ್ಲಿ ಕುಮಾವೂಂ ಪ್ರಾಂತದ ಜೋಹಾರ್ ಕಣಿವೆಯ ಮಿಲಂ ಎಂಬ ಹಳ್ಳಿಯಲ್ಲಿ ಹುಟ್ಟಿದನು. ಈಗ ಅದು ಉತ್ತರಾಖಂಡ ರಾಜ್ಯದ ಪಿಥೋರಾಗಢ ಜಿಲ್ಲೆಗೆ ಸೇರಿದೆ. ಗೋರಿಗಂಗಾ ನದಿಯ ಮೂಲದಲ್ಲಿ, ಹನ್ನೊಂದು ಸಾವಿರ ಅಡಿಗೂ ಮೇಲ್ಪಟ್ಟ ಎತ್ತರದಲ್ಲಿ ನೆಲೆಸಿದ ಆ ಊರಿನಲ್ಲಿ ಬೆಳೆಯುವುದು ಸ್ವಲ್ಪ, ಹಿಮ ಬೀಳುವುದು ಹೆಚ್ಚು. ಚಳಿಗಾಲ ಬಂತೆಂದರೆ ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೆಳಗಿನ ಕಣಿವೆಗಳಿಗೆ ಇಳಿಯುತ್ತಿತ್ತು. ಬೇಸಗೆಯಲ್ಲಿ ಮತ್ತೆ ಮೇಲೇರುತ್ತಿತ್ತು. ಅಲ್ಲಿಯ ಜನರಿಗೆ ಟಿಬೆಟ್ಟಿನೊಡನೆ ನಡೆಸುವ ವ್ಯಾಪಾರವೇ ಜೀವನಾಧಾರ. ಕುರಿಗಳ ಬೆನ್ನಿನ ಮೇಲೆ ಧಾನ್ಯವನ್ನು ಹೇರಿಕೊಂಡು ಹೋಗಿ, ಉಪ್ಪನ್ನೂ ಉಣ್ಣೆಯನ್ನೂ ತರುತ್ತಿದ್ದರು. ಬಾಲಕ ನೈನ್ ಸಿಂಗ್ ತಂದೆಯ ಜೊತೆಯಲ್ಲಿ ಈ ದಾರಿಗಳಲ್ಲಿ ನಡೆದನು. ಟಿಬೆಟ್ಟಿನ ಭಾಷೆಯನ್ನೂ ಅಲ್ಲಿಯ ಜನರ ರೀತಿನೀತಿಗಳನ್ನೂ ಕಲಿತನು. ಬಡತನದಿಂದಾಗಿ ಅವನಿಗೆ ಹೆಚ್ಚಿನ ವಿದ್ಯೆ ದೊರೆಯಲಿಲ್ಲ. ಆದರೆ ಈ ನಡಿಗೆಯೇ ಮುಂದೆ ಅವನ ಪಾಲಿಗೆ ವಿದ್ಯೆಯಾಯಿತು.

ಇಪ್ಪತ್ತೈದನೆಯ ವಯಸ್ಸಿನಲ್ಲಿ ಅವನಿಗೆ ಷ್ಲಾಗಿಂಟ್‌ವೈಟ್ ಎಂಬ ಜರ್ಮನ್ ಸಹೋದರರ ಪರಿಚಯವಾಯಿತು. ಹಿಮಾಲಯವನ್ನು ಶೋಧಿಸಲು ಬಂದಿದ್ದ ಅವರೊಡನೆ ಅವನು ಮಾನಸಸರೋವರ ಮತ್ತು ಲಡಾಖ್ ಪ್ರದೇಶಗಳನ್ನು ಸುತ್ತಿದನು. ದಿಕ್ಸೂಚಿ, ಉಷ್ಣಮಾಪಕ ಮೊದಲಾದ ಉಪಕರಣಗಳನ್ನು ಅವನು ಮೊದಲು ಹತ್ತಿರದಿಂದ ಕಂಡುದು ಆಗಲೇ. ಊರಿಗೆ ಹಿಂದಿರುಗಿದ ಬಳಿಕ, 1858ರಿಂದ ಮಿಲಂ ಶಾಲೆಯಲ್ಲಿ ಉಪಾಧ್ಯಾಯನಾಗಿ ಕೆಲಸ ಮಾಡಿದನು. ಅಂದಿನಿಂದ ಜನ ಅವನನ್ನು ಪಂಡಿತ ಎಂದು ಕರೆಯತೊಡಗಿದರು. ಲೋಕ ಮುಂದೆ ಅವನನ್ನು ಬಲ್ಲದ್ದು ಈ ಹೆಸರಿನಿಂದಲೇ.

ಆ ಕಾಲದಲ್ಲಿ ಭಾರತದ ನೆಲವನ್ನು ಅಳೆಯುವ ಮಹಾಕಾರ್ಯವೊಂದು ನಡೆಯುತ್ತಿತ್ತು. ಅದಕ್ಕೆ ಮಹಾ ತ್ರಿಕೋನಮಿತೀಯ ಮೋಜಣಿ ಎಂದು ಹೆಸರು. ದಕ್ಷಿಣದಲ್ಲಿ ಲ್ಯಾಂಬ್ಟನ್ ಆರಂಭಿಸಿದ ಈ ಕಾರ್ಯಕ್ಕಾಗಿ 1804ರಲ್ಲಿ ನಮ್ಮ ಬೆಂಗಳೂರಿನ ಬಳಿಯೂ ಆಧಾರರೇಖೆಯೊಂದನ್ನು ಅಳೆಯಲಾಗಿತ್ತು. ತ್ರಿಕೋನದ ಮೇಲೆ ತ್ರಿಕೋನವನ್ನು ಹೆಣೆಯುತ್ತ ಮೋಜಣಿಯು ಹಿಮಾಲಯದ ಬುಡವನ್ನು ಮುಟ್ಟಿತು. ಅಲ್ಲಿಂದ ಮುಂದೆ ದಾರಿ ಮುಚ್ಚಿತ್ತು. ಟಿಬೆಟ್ಟು ವಿದೇಶೀಯರಿಗೆ ಪ್ರವೇಶವಿಲ್ಲದ ನಾಡಾಗಿತ್ತು. ಅಪ್ಪಣೆಯಿಲ್ಲದೆ ಒಳಹೊಕ್ಕವರಿಗೆ ಮರಣದಂಡನೆಯೂ ಕಾದಿರುತ್ತಿತ್ತು. ಇತ್ತ ರಷ್ಯಾ ದೇಶವು ಮಧ್ಯ ಏಷ್ಯದಲ್ಲಿ ಮುಂದುವರಿಯುತ್ತಿರುವುದನ್ನು ಕಂಡ ಬ್ರಿಟಿಷ್ ಸರ್ಕಾರಕ್ಕೆ ಗಡಿಯಾಚೆಯ ದಾರಿಗಳನ್ನು ತಿಳಿಯುವ ಆತುರ ಹೆಚ್ಚಾಗಿತ್ತು. ಮೋಜಣಿಯ ಅಧಿಕಾರಿಯಾದ ಕ್ಯಾಪ್ಟನ್ ಮಾಂಟ್‌ಗೊಮರಿಗೆ ಆಗ ಒಂದು ಉಪಾಯ ಹೊಳೆಯಿತು. ಐರೋಪ್ಯರು ಹೋಗಲಾರದ ಕಡೆಗೆ, ಆ ನಾಡಿನ ಭಾಷೆಯನ್ನೂ ನಡೆನುಡಿಗಳನ್ನೂ ಬಲ್ಲ ಭಾರತೀಯರು ವೇಷ ಮರೆಸಿಕೊಂಡು ಹೋಗಬಹುದಲ್ಲವೆ? ಕುಮಾವೂಂ ಪ್ರಾಂತದ ವಿದ್ಯಾಧಿಕಾರಿಯ ಸಲಹೆಯಂತೆ ಅವನು ನೈನ್ ಸಿಂಗ್‌ನನ್ನೂ ಅವನ ಸೋದರಬಂಧು ಮಣಿ ಸಿಂಗ್‌ನನ್ನೂ 1863ರಲ್ಲಿ ಡೆಹ್ರಾಡೂನಿಗೆ ಕರೆಸಿದನು. ತಿಂಗಳಿಗೆ ಇಪ್ಪತ್ತು ರೂಪಾಯಿ ಸಂಬಳ ಗೊತ್ತಾಯಿತು.

ಪಾಠ ಹೇಳುತ್ತಿದ್ದವನು ಮತ್ತೆ ವಿದ್ಯಾರ್ಥಿಯಾದನು. ಕಲಿಯಬೇಕಾಗಿದ್ದ ಮೊದಲ ಪಾಠವೆಂದರೆ ನಡೆಯುವುದು! ಏರಿರಲಿ, ಇಳಿಜಾರಿರಲಿ, ಬಯಲಿರಲಿ, ಹೆಜ್ಜೆಯ ಅಳತೆ ಮಾತ್ರ ಬದಲಾಗಕೂಡದು. ಅವನ ಒಂದು ಹೆಜ್ಜೆ ಮೂವತ್ತೊಂದೂವರೆ ಅಂಗುಲ. ಎರಡು ಸಾವಿರ ಹೆಜ್ಜೆಗೆ ಒಂದು ಮೈಲಿ. ಎಣಿಕೆ ತಪ್ಪದಿರಲೆಂದು ಜಪಮಾಲೆಯೊಂದನ್ನು ಕೊಟ್ಟರು. ಬೌದ್ಧರ ಜಪಮಾಲೆಯಲ್ಲಿ ನೂರೆಂಟು ಮಣಿಗಳಿರುತ್ತವೆ; ಇದರಲ್ಲಿ ಇದ್ದುದು ನೂರು. ನೂರು ಹೆಜ್ಜೆಗೆ ಒಂದು ಮಣಿಯನ್ನು ಸರಿಸಿದರೆ, ಮಾಲೆ ಒಂದು ಸುತ್ತು ಬರುವಷ್ಟರಲ್ಲಿ ಹತ್ತು ಸಾವಿರ ಹೆಜ್ಜೆಗಳು, ಎಂದರೆ ಐದು ಮೈಲಿಗಳು ಮುಗಿದಿರುತ್ತಿದ್ದವು. ಕೈಯಲ್ಲಿ ತಿರುಗಿಸುವ ಪ್ರಾರ್ಥನಾಚಕ್ರದೊಳಗೆ ಮಂತ್ರದ ಸುರುಳಿಗೆ ಬದಲಾಗಿ ಲೆಕ್ಕ ಬರೆಯುವ ಚೀಟಿಗಳನ್ನು ಇರಿಸಿದ್ದರು. ಪೆಟ್ಟಿಗೆಯ ಕಳ್ಳತಳದಲ್ಲಿ ನಕ್ಷತ್ರಗಳ ಕೋನವನ್ನು ಅಳೆಯುವ ಸೆಕ್ಸ್‌ಟಂಟ್ ಅಡಗಿತ್ತು. ಪಾದರಸವನ್ನು ಕವಡೆಗಳಲ್ಲಿ ತುಂಬಿ ಮೇಣದಿಂದ ಮುಚ್ಚಿದ್ದರು.

ಈ ಉಪಕರಣಗಳ ಉಪಯೋಗವನ್ನು ಇಲ್ಲಿ ಸ್ವಲ್ಪ ತಿಳಿಯುವುದು ಒಳ್ಳೆಯದು. ಮರದ ಬಟ್ಟಲಿಗೆ ಪಾದರಸವನ್ನು ಸುರಿದರೆ ಅದು ಕನ್ನಡಿಯಂತೆ ಸಮತಲವಾಗಿ ನಿಲ್ಲುತ್ತದೆ. ಆಕಾಶದ ನಕ್ಷತ್ರಕ್ಕೂ ಪಾದರಸದಲ್ಲಿ ಮೂಡಿದ ಅದರ ಬಿಂಬಕ್ಕೂ ನಡುವಣ ಕೋನವನ್ನು ಅಳೆದು ಅರ್ಧಮಾಡಿದರೆ, ಕ್ಷಿತಿಜದಿಂದ ಆ ನಕ್ಷತ್ರ ಎಷ್ಟು ಎತ್ತರದಲ್ಲಿದೆ ಎಂಬುದು ತಿಳಿಯುತ್ತದೆ. ಅದರಿಂದ ಆ ಸ್ಥಳದ ಅಕ್ಷಾಂಶವನ್ನು ಗುಣಿಸಬಹುದು. ಸ್ಥಳದ ಎತ್ತರವನ್ನು ಕಾಣಲು ಉಷ್ಣಮಾಪಕವೊಂದೇ ಸಾಕು. ಸಮುದ್ರಮಟ್ಟದಲ್ಲಿ ನೀರು ನೂರು ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ. ಮೇಲೇರಿದಂತೆ ಗಾಳಿಯ ಒತ್ತಡ ಕಡಿಮೆಯಾಗುವುದರಿಂದ, ಸುಮಾರು ಮುನ್ನೂರು ಮೀಟರಿಗೆ ಒಂದು ಡಿಗ್ರಿಯಂತೆ ಕುದಿಯುವ ಉಷ್ಣತೆ ಇಳಿಯುತ್ತ ಹೋಗುತ್ತದೆ. ಯಾತ್ರಿಕನೊಬ್ಬ ಚಹಾಕ್ಕೆ ನೀರು ಕಾಯಿಸುತ್ತಿದ್ದರೆ ಯಾರು ತಾನೆ ಸಂಶಯಪಡುವರು?

1865ರ ಜನವರಿಯಲ್ಲಿ ಇಬ್ಬರೂ ಹೊರಟು, ಮಾರ್ಚಿಯಲ್ಲಿ ನೇಪಾಳದ ಕಠ್ಮಂಡುವನ್ನು ಸೇರಿದರು. ಅಲ್ಲಿಂದ ಕಿರೋಂಗ್ ದಾರಿಯಾಗಿ ಟಿಬೆಟ್ಟನ್ನು ಹೊಗಲು ಮಾಡಿದ ಮೊದಲ ಪ್ರಯತ್ನ ಸಫಲವಾಗಲಿಲ್ಲ. ಗಡಿಯ ಕಾವಲಿನವರು ಗಂಟುಮೂಟೆಗಳನ್ನೆಲ್ಲ ಬಿಚ್ಚಿ ನೋಡಿದರು. ಉಪಕರಣಗಳು ಸಿಕ್ಕಿಬೀಳಲಿಲ್ಲವಾದರೂ ಮುಂದೆ ಹೋಗಲು ಅಪ್ಪಣೆ ದೊರೆಯಲಿಲ್ಲ. ಕಿರೋಂಗಿನ ಅಧಿಕಾರಿ ಮಣಿ ಸಿಂಗ್‌ನನ್ನು ಬಲ್ಲವನಾದುದರಿಂದ ಒತ್ತಾಯಮಾಡುವುದೂ ಅಪಾಯವಾಗಿತ್ತು. ಇಬ್ಬರೂ ಹಿಂದಿರುಗಿ ಬೇರೆ ಬೇರೆಯಾದರು. ನೈನ್ ಸಿಂಗ್ ಲಡಾಖಿನವನಂತೆ ಜಡೆ ಹಾಕಿಕೊಂಡು, ಉಡುಪು ಬದಲಾಯಿಸಿ, ಜೂನ್ ತಿಂಗಳಲ್ಲಿ ಮತ್ತೆ ಹೊರಟನು. ಕರೆದೊಯ್ಯುವೆನೆಂದು ಮಾತು ಕೊಟ್ಟಿದ್ದ ವರ್ತಕನು ನಡುವೆ ಮಾತು ತಪ್ಪಿದನು. ಆದರೂ ಎದೆಗುಂದದೆ ಸೆಪ್ಟೆಂಬರಿನಲ್ಲಿ ಅವನು ಟ್ರಾಡಮ್ ಎಂಬ ಮಠದ ಊರನ್ನು ತಲಪಿದನು.

ಆ ದೇಶದಲ್ಲಿ ಒಂಟಿಯಾಗಿ ನಡೆಯುವವನು ಎಲ್ಲರ ಕಣ್ಣಿಗೂ ಬೀಳುತ್ತಾನೆ. ದೊಡ್ಡ ತಂಡದಲ್ಲಿ ಬೆರೆತವನನ್ನು ಯಾರೂ ಗಮನಿಸುವುದಿಲ್ಲ. ಲಡಾಖಿನ ವರ್ತಕರ ತಂಡವೊಂದು ಲ್ಹಾಸಾಕ್ಕೆ ಹೋಗುವ ದಾರಿಯಲ್ಲಿ ಟ್ರಾಡಮ್ಮಿಗೆ ಬರುವುದೆಂಬ ಸುದ್ದಿ ಅವನಿಗೆ ತಿಳಿದಿತ್ತು. ಮಾನಸಸರೋವರಕ್ಕೆ ಹೊರಟವನೆಂದು ಅದುವರೆಗೆ ಹೇಳಿಕೊಂಡಿದ್ದ ಅವನು, ಕಾಯಿಲೆಯ ನೆವದಿಂದ ಅಲ್ಲಿಯೇ ಉಳಿದನು. ಅಕ್ಟೋಬರ್ ಮೊದಲಲ್ಲಿ ತಂಡ ಬಂದಿತು. ತನ್ನನ್ನೂ ಲ್ಹಾಸಾ ಯಾತ್ರೆಗೆ ಕರೆದೊಯ್ಯಬೇಕೆಂದು ಅವನು ಬೇಡಿಕೊಂಡನು, ಅವರು ಒಪ್ಪಿದರು.

ಅಲ್ಲಿಂದ ಮುಂದಿನ ಪಯಣವೇ ಅವನ ಬಾಳಿನ ಮುಖ್ಯ ಅಧ್ಯಾಯ. ಹೇರು ಹೊತ್ತ ಯಾಕ್‌ಗಳೂ ಅವುಗಳ ಹಿಂದೆ ಉಣ್ಣೆಯ ನಿಲುವಂಗಿ ತೊಟ್ಟ ಜನರೂ ತ್ಸಾಂಗ್ಪೋ ನದಿಯ ಕಣಿವೆಯನ್ನು ಹಿಡಿದು ಮೂಡಣಕ್ಕೆ ನಡೆದರು. ಟ್ರಾಡಮ್ಮನ್ನು ಸೇರುವ ಮೊದಲೇ, ಒಂದೆಡೆ ಈ ನದಿಯನ್ನು ದಾಟುವ ದೋಣಿಯೊಂದು ಮುಳುಗಿ ಮೂವರು ಅವನ ಕಣ್ಣೆದುರಿಗೇ ನೀರುಪಾಲಾಗಿದ್ದರು. ಆಗ ಜೊತೆಯವರೊಡನೆ ನದಿಯುದ್ದಕ್ಕೆ ಮೇಲೆ ಹೋಗಿ ಬೇರೊಂದು ಕಡವನ್ನು ಅರಸಿಕೊಂಡು ದಾಟಬೇಕಾಗಿತ್ತು. ಮೊದಮೊದಲು ಬೋಳುಗುಡ್ಡಗಳೂ ಕುರಿಗಾಹಿಗಳ ಕರಿಯ ಗುಡಾರಗಳೂ ಮಾತ್ರ ಕಾಣುತ್ತಿದ್ದವು. ಕಣಿವೆ ಇಳಿದಂತೆ ಜವೆಗೋಧಿಯ ಹೊಲಗಳೂ ಕಲ್ಲು–ಹಸಿಇಟ್ಟಿಗೆಗಳ ಮನೆಗಳಿರುವ ಹಳ್ಳಿಗಳೂ ಗುಡ್ಡದ ನೆತ್ತಿಯ ಮಠಗಳೂ ಒಂದಾದ ಮೇಲೊಂದು ಬಂದವು. ಸಂಜೆ ತಂಡ ತಂಗಿದೊಡನೆ ಒಲೆ ಹೊತ್ತುತ್ತಿತ್ತು. ಬೆಣ್ಣೆ ಬೆರೆಸಿದ ಚಹಾ, ಹುರಿದ ಜವೆಹಿಟ್ಟು, ದಿನದ ಮಾತುಕತೆ. ಎಲ್ಲರೂ ಮಲಗಿದ ಮೇಲೆ ನೈನ್ ಸಿಂಗ್‌ನ ಕೆಲಸ ಮೊದಲಾಗುತ್ತಿತ್ತು. ಮೈ ಕೊರೆಯುವ ಚಳಿಯಲ್ಲಿ ಸದ್ದಿಲ್ಲದೆ ಎದ್ದು, ಮರೆಯ ಜಾಗದಲ್ಲಿ ಪಾದರಸದ ಬಟ್ಟಲನ್ನಿಟ್ಟು, ನಕ್ಷತ್ರವನ್ನು ಅಳೆದು, ಅಂಕೆಗಳನ್ನು ಬರೆದು, ಚೀಟಿಯನ್ನು ಚಕ್ರದೊಳಗೆ ಸೇರಿಸುತ್ತಿದ್ದನು.

ಹಗಲಿನ ಕಷ್ಟ ಬೇರೆಯೇ. ತಂಡದಲ್ಲಿ ನಡೆಯುವವರಿಗೆ ಮಾತು ಒಂದು ದೊಡ್ಡ ಆಸರೆ. ಅವನಿಗೆ ಅದೇ ಅಡ್ಡಿ. ಯಾರಾದರೂ ಬಳಿಗೆ ಬಂದು ಮಾತಿಗೆಳೆದರೆ ಎಣಿಕೆ ತಪ್ಪುವ ಭಯ. ಅದಕ್ಕಾಗಿ ಅವನು ಪ್ರಾರ್ಥನಾಚಕ್ರವನ್ನು ತಿರುಗಿಸುತ್ತ, ಜಪದಲ್ಲಿ ಮುಳುಗಿದವನಂತೆ ಹಿಂದೆ ಉಳಿಯುತ್ತಿದ್ದನು. ಭಕ್ತನಿಗೆ ಭಂಗ ತರಬಾರದೆಂದು ಜನ ಸುಮ್ಮನಾಗುತ್ತಿದ್ದರು. ಒಂದು ಭಾಗದಲ್ಲಿ ನದಿ ಆಳವಾಗಿ ಶಾಂತವಾಗಿ ಹರಿಯುತ್ತಿದ್ದುದರಿಂದ ಜೊತೆಗಾರರು ದೋಣಿಗಳನ್ನೇರಿ ಸುಖವಾಗಿ ಮುಂದೆ ಸಾಗಿದರು. ದಣಿದ ಕಾಲುಗಳಿಗೆ ಅದಕ್ಕಿಂತ ದೊಡ್ಡ ಆಶೆ ಇನ್ನೇನಿದ್ದೀತು? ಆದರೆ ದೋಣಿಯಲ್ಲಿ ಕುಳಿತವನು ಹೆಜ್ಜೆಯನ್ನು ಎಣಿಸಲಾರ. ನೈನ್ ಸಿಂಗ್ ದಡದ ಮೇಲೆ ನಡೆದೇ ಹೋದನು. ಹಾಗೇಕೆ ನಡೆದನೆಂಬ ನಿಜವಾದ ಕಾರಣ ಆ ತಂಡದಲ್ಲಿ ಅವನೊಬ್ಬನಿಗೇ ಗೊತ್ತು. ದೋಣಿಯಲ್ಲಿ ಹೋಗಿ ಅಂದಾಜಿನ ಅಂಕೆಯೊಂದನ್ನು ಬರೆದಿಟ್ಟಿದ್ದರೆ ಲೋಕಕ್ಕೆ ಅದು ತಿಳಿಯುವ ಸಂಭವವೇ ಇರಲಿಲ್ಲ. ಅವನು ತೊಟ್ಟ ವೇಷ ಸುಳ್ಳು, ಹೇಳಿಕೊಂಡ ಊರು ಸುಳ್ಳು, ಕೈಯ ಜಪವೂ ಸುಳ್ಳು. ಈ ಸುಳ್ಳುಗಳ ನಡುವೆ ಎಣಿಸಿದ ಹೆಜ್ಜೆಯೊಂದೇ ನಿಜ. ಅದನ್ನು ಅವನು ಕೆಡಗೊಡಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ ತಂಡ ಶಿಗಾತ್ಸೆ ಪಟ್ಟಣವನ್ನು ಸೇರಿತು. ಅಲ್ಲಿಯ ತಾಶಿಲ್ಹುನ್‌ಪೋ ಮಹಾಮಠದಲ್ಲಿ ಪಂಚೆನ್ ಲಾಮಾರ ದರ್ಶನಕ್ಕೆ ಎಲ್ಲರ ಜೊತೆಯಲ್ಲಿ ಅವನೂ ಹೋಗಬೇಕಾಯಿತು. ಲಾಮಾ ಮನುಷ್ಯರ ಮನದಾಳವನ್ನು ಬಲ್ಲವರೆಂಬ ನಂಬಿಕೆ ಆ ನಾಡಿನಲ್ಲಿತ್ತು. ಗುಟ್ಟನ್ನು ಹೊತ್ತವನಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕೆ? ಎದೆ ಬಡಿದುಕೊಳ್ಳುತ್ತ ಒಳಹೊಕ್ಕ ಅವನಿಗೆ ಕಂಡುದು ಉನ್ನತ ಪೀಠದ ಮೇಲೆ ಕುಳಿತ ಎಳೆಯ ಬಾಲಕ. ಆ ಬಾಲಕನು ಎಲ್ಲ ಯಾತ್ರಿಕರನ್ನೂ ಕೇಳುವಂತೆ ಅವನ ಅರಸನ, ದೇಶದ ಮತ್ತು ಅವನ ಕ್ಷೇಮವನ್ನು ವಿಚಾರಿಸಿ, ರೇಷ್ಮೆಯ ವಸ್ತ್ರವನ್ನು ಹರಸಿ ಕೊಟ್ಟು ಕಳುಹಿಸಿದನು.

ಕೈಯ ಹಣ ಕರಗುತ್ತ ಬಂದಾಗ ನೈನ್ ಸಿಂಗ್‌ನನ್ನು ಕಾಪಾಡಿದುದು ಅವನ ಹಳೆಯ ವೃತ್ತಿಯೇ. ಅಲ್ಲಿ ಅಂಗಡಿಯಿಟ್ಟಿದ್ದ ನೇಪಾಳಿ ವರ್ತಕರಿಗೆ ಭಾರತದ ರೀತಿಯಲ್ಲಿ ಲೆಕ್ಕಪತ್ರ ಬರೆಯುವುದನ್ನು ಕಲಿಸಿ ಅವನು ಹೊಟ್ಟೆ ಹೊರೆದನು. ಡಿಸೆಂಬರ್ ಕೊನೆಯಲ್ಲಿ ಮತ್ತೆ ಹೊರಟು, ಗ್ಯಾಂತ್ಸೆ ಪಟ್ಟಣವನ್ನೂ ಯಾಮ್‌ಡ್ರೋಕ್ ಸರೋವರವನ್ನೂ ಹಾದು, 1866ರ ಜನವರಿ 10ರಂದು ಲ್ಹಾಸಾ ನಗರವನ್ನು ಸೇರಿದನು.

ಲ್ಹಾಸಾದಲ್ಲಿ ಅವನು ಮೂರು ತಿಂಗಳಿಗೂ ಹೆಚ್ಚು ಕಾಲ ಇದ್ದನು. ಛತ್ರವೊಂದರಲ್ಲಿ ಕೋಣೆ ಹಿಡಿದು, ರಾತ್ರಿ ನಕ್ಷತ್ರಗಳನ್ನು ಅಳೆದನು. ನೀರು ಕುದಿಸಿ ಎತ್ತರವನ್ನು ಕಂಡನು. ನಗರದ ಪೇಟೆಗಳನ್ನೂ ಹಬ್ಬಗಳನ್ನೂ ಆಡಳಿತದ ಕ್ರಮವನ್ನೂ ಮನಸ್ಸಿನಲ್ಲಿ ಬರೆದುಕೊಂಡನು. ಅಪಾಯ ಮಾತ್ರ ಬೆನ್ನು ಬಿಡಲಿಲ್ಲ. ಕಾಶ್ಮೀರಿ ಮನೆತನದ ಇಬ್ಬರು ಮುಸಲ್ಮಾನ ವರ್ತಕರು ಅವನು ಲಡಾಖಿನವನಲ್ಲವೆಂಬುದನ್ನು ಕಂಡುಹಿಡಿದರು. ಅವರು ಮನಸ್ಸು ಮಾಡಿದ್ದರೆ ಅವನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವರು ಗುಟ್ಟನ್ನು ಕಾಪಾಡಿದುದಲ್ಲದೆ, ಅವನ ಗಡಿಯಾರವನ್ನು ಒತ್ತೆಯಿಟ್ಟುಕೊಂಡು ಸಾಲವನ್ನೂ ಕೊಟ್ಟರು. ಒಂದು ದಿನ ಅಪ್ಪಣೆಯಿಲ್ಲದೆ ನಗರಕ್ಕೆ ಬಂದ ಚೀನೀಯನೊಬ್ಬನ ತಲೆಯನ್ನು ಜನರ ಮುಂದೆಯೇ ಕಡಿದುದನ್ನು ನೈನ್ ಸಿಂಗ್ ಕಂಡನು. ಇನ್ನೊಂದು ದಿನ ಬೀದಿಯಲ್ಲಿ ಕಿರೋಂಗಿನ ಅಧಿಕಾರಿಯೇ ಕಣ್ಣಿಗೆ ಬಿದ್ದನು. ಅಂದಿನಿಂದ ಅವನು ಹೊರಗೆ ಕಾಣಿಸಿಕೊಳ್ಳುವುದನ್ನು ಕಡಿಮೆ ಮಾಡಿದನು.

ಏಪ್ರಿಲ್ 21ರಂದು ಲಡಾಖಿನವರ ತಂಡದ ಜೊತೆಯಲ್ಲಿಯೇ ಹಿಂದಿರುಗುವ ಪಯಣ ಮೊದಲಾಯಿತು. ಜೂನ್ ತಿಂಗಳಲ್ಲಿ ಮಾನಸಸರೋವರದ ತೀರ ಸಿಕ್ಕಿತು. ಅಕ್ಟೋಬರ್ 27ರಂದು ಅವನು ಡೆಹ್ರಾಡೂನಿನ ಕಚೇರಿಯ ಮೆಟ್ಟಲೇರಿದನು. ಅವನು ನಡೆದು ಅಳೆದ ದಾರಿ ಸುಮಾರು 1,200 ಮೈಲಿ. ಎಣಿಸಿದ ಹೆಜ್ಜೆಗಳು ಸುಮಾರು 25 ಲಕ್ಷ. 31 ಸ್ಥಳಗಳ ಅಕ್ಷಾಂಶವನ್ನೂ 33 ಸ್ಥಳಗಳ ಎತ್ತರವನ್ನೂ ಅವನು ಗೊತ್ತುಮಾಡಿ ತಂದಿದ್ದನು. ಲ್ಹಾಸಾಕ್ಕೆ ಅವನು ಕೊಟ್ಟ ಅಕ್ಷಾಂಶವು ಇಂದಿನ ಸೂಕ್ಷ್ಮ ಉಪಕರಣಗಳ ಅಳತೆಗೂ ಹೊಂದುತ್ತದೆ. ತ್ಸಾಂಗ್ಪೋ ನದಿಯ ಹರಿವಿನ ಬಹುದೂರದ ಜಾಡು ಮೊದಲ ಬಾರಿಗೆ ಭೂಪಟದಲ್ಲಿ ಸರಿಯಾಗಿ ಮೂಡಿತು.

ಅಲ್ಲಿಗೆ ಅವನ ನಡಿಗೆ ನಿಲ್ಲಲಿಲ್ಲ. 1867ರಲ್ಲಿ ಮಾಣಾ ಕಣಿವೆಯ ದಾರಿಯಾಗಿ ಪಶ್ಚಿಮ ಟಿಬೆಟ್ಟಿಗೆ ಹೋಗಿ ಥೋಕ್ ಜಾಲುಂಗ್ ಎಂಬಲ್ಲಿಯ ಚಿನ್ನದ ಗಣಿಗಳನ್ನು ನೋಡಿ ಬಂದನು. ಹದಿನಾರು ಸಾವಿರ ಅಡಿಗೂ ಮೇಲಿನ ಆ ಬಯಲಿನಲ್ಲಿ ಬೀಸುವ ಗಾಳಿಗೆ ಅಂಜಿ ಗಣಿಗಾರರು ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಗುಡಾರ ಹಾಕಿಕೊಂಡು ಬಾಳುತ್ತಿದ್ದರು.

ಕೊನೆಯ ಮಹಾಯಾತ್ರೆ 1874ರದು. ಜುಲೈ 15ರಂದು ಲೇಹ್ ಪಟ್ಟಣದಿಂದ ಲಾಮಾ ವೇಷದಲ್ಲಿ, ಕೆಲವೇ ಮಂದಿ ಸಂಗಡಿಗರೊಡನೆ ಹೊರಟನು. ಹೇರು ಹೊರಲು ಈ ಬಾರಿ 26 ಕುರಿಗಳು. ಹುಲ್ಲು ಮೇಯುತ್ತ ನಡೆಯುವ ಅವುಗಳಿಗೆ ಬೇರೆ ಮೇವು ಬೇಕಿರಲಿಲ್ಲ. ಉತ್ತರದ ಸರೋವರಗಳ ನಾಡನ್ನು ಹಾದು ನವೆಂಬರ್ 18ರಂದು ಲ್ಹಾಸಾ ಸೇರುವ ವೇಳೆಗೆ ನಾಲ್ಕೈದು ಕುರಿಗಳು ಮಾತ್ರ ಉಳಿದಿದ್ದವು. ಅಲ್ಲಿ ಪರಿಚಿತನೊಬ್ಬನು ಎದುರಾದುದರಿಂದ ಎರಡೇ ದಿನಗಳಲ್ಲಿ ಊರು ಬಿಡಬೇಕಾಯಿತು. ಅಳತೆಯ ಕಾಗದಗಳನ್ನು ಇಬ್ಬರ ಕೈಯಲ್ಲಿ ಲೇಹ್‌ಗೆ ಕಳುಹಿಸಿ, ತಾನು ದಕ್ಷಿಣಕ್ಕೆ ತಿರುಗಿದನು. ತವಾಂಗಿನಲ್ಲಿ ಸುಮಾರು ಎರಡು ತಿಂಗಳು ತಡೆಯಲ್ಪಟ್ಟು, 1875ರ ಮಾರ್ಚಿ 1ರಂದು ಅಸ್ಸಾಮಿನ ಉದಲಗುರಿಯನ್ನು ಮುಟ್ಟಿದನು. ಈ ಯಾತ್ರೆ 1,300 ಮೈಲಿಗಳನ್ನು ಮೀರಿತು. ಆದರೆ ಅದು ಅವನ ಆರೋಗ್ಯವನ್ನು ಮುರಿಯಿತು. ಹಿಮದ ಬೆಳಕಿಗೂ ಬಿರುಗಾಳಿಗೂ ಒಡ್ಡಿಕೊಂಡ ಕಣ್ಣುಗಳು ಮಸಕಾದವು.

ಇಷ್ಟು ವರ್ಷ ಗುಪ್ತವಾಗಿದ್ದ ಅವನ ಹೆಸರು ಆ ಬಳಿಕ ಬೆಳಕಿಗೆ ಬಂದಿತು. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ 1868ರಲ್ಲಿಯೇ ಅವನಿಗೆ ಚಿನ್ನದ ಗಡಿಯಾರವನ್ನು ಕೊಟ್ಟಿತ್ತು; 1877ರಲ್ಲಿ ಚಿನ್ನದ ಪದಕವನ್ನು ನೀಡಿ ಗೌರವಿಸಿತು. ಸರ್ಕಾರವು ಸಿ.ಐ.ಇ. ಬಿರುದನ್ನೂ ರೋಹಿಲ್‌ಖಂಡದಲ್ಲಿ ಒಂದು ಸಾವಿರ ರೂಪಾಯಿ ಆದಾಯದ ಹಳ್ಳಿಯನ್ನೂ ಕೊಟ್ಟಿತು. ನಡೆಯಲಾರದ ಕಾಲ ಬಂದಾಗ ಅವನು ಮತ್ತೆ ಉಪಾಧ್ಯಾಯನಾದನು. ಹೊಸ ಶೋಧಕರಿಗೆ ಹೆಜ್ಜೆಯಿಡುವುದನ್ನೂ ನಕ್ಷತ್ರ ಅಳೆಯುವುದನ್ನೂ ಕಲಿಸಿದನು. ಅವನ ಬಂಧುವಾದ ಕಿಶನ್ ಸಿಂಗ್ ಅದೇ ದಾರಿಯಲ್ಲಿ ಮುಂದುವರಿದು ಹೆಸರಾದನು.

ನೈನ್ ಸಿಂಗ್‌ನ ಅಳತೆಗಳಿಂದ ಪ್ರಯೋಜನ ಪಡೆದವರೆಲ್ಲರೂ ಜ್ಞಾನದಾಹಿಗಳಲ್ಲ ಎಂಬುದನ್ನು ಮರೆಯಬಾರದು. ಅವನು ಜಪಮಾಲೆ ಹಿಡಿದು ಹೋದ ಲ್ಹಾಸಾಕ್ಕೆ 1904ರಲ್ಲಿ ಬ್ರಿಟಿಷ್ ಸೈನ್ಯ ಬಂದೂಕು ಹಿಡಿದು ಹೋಯಿತು. ಅನ್ನವಿಟ್ಟು ಜಾಗ ಕೊಟ್ಟ ಹಳ್ಳಿಗಳ ಜನರಿಗೆ ತಮ್ಮ ಜೊತೆಯಲ್ಲಿದ್ದವನು ಯಾರೆಂಬುದು ತಿಳಿದಿರಲಿಲ್ಲ. ಭೂಪಟದ ಗೆರೆ ಯಾರ ಕೈಗೆ ಸೇರುವುದೆಂಬುದು ಅದನ್ನು ಎಳೆದವನ ಕೈಯಲ್ಲಿ ಇರುವುದಿಲ್ಲ. ಗೆರೆ ಸರಿಯಾಗಿರಬೇಕೆಂಬುದಷ್ಟೇ ಅವನ ಕೈಯಲ್ಲಿರುವುದು. ಆ ಮಟ್ಟಿಗೆ ನೈನ್ ಸಿಂಗ್ ತನ್ನ ಕರ್ತವ್ಯದಲ್ಲಿ ಒಂದು ಹೆಜ್ಜೆಯನ್ನೂ ತಪ್ಪಲಿಲ್ಲ.

1962ರ ಯುದ್ಧದ ಬಳಿಕ ಗಡಿಯ ವ್ಯಾಪಾರ ನಿಂತಿತು. ಮಿಲಂ ಹಳ್ಳಿಯ ಮನೆಗಳಲ್ಲಿ ಹಲವು ಪಾಳುಬಿದ್ದವು. 2004ರಲ್ಲಿ ಭಾರತದ ಅಂಚೆ ಇಲಾಖೆ ನೈನ್ ಸಿಂಗ್‌ನ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಕುದುರೆಯಿಲ್ಲದೆ, ಪರಿವಾರವಿಲ್ಲದೆ, ಮಣಿಯ ಮೇಲೆ ಮಣಿ ಸರಿಸುತ್ತ ನಡೆದ ಆ ಉಪಾಧ್ಯಾಯನಿಗೆ ಸ್ಮಾರಕ ಬೇರೊಂದಿದೆ. ಗೋಡೆಯ ಮೇಲಿನ ಭೂಪಟದಲ್ಲಿ ಟಿಬೆಟ್ಟಿನ ಕಡೆಗೆ ಕಣ್ಣು ಹರಿಸಿದಾಗಲೆಲ್ಲ ಆ ಸ್ಮಾರಕ ನಮ್ಮೆದುರಿಗೇ ಇರುತ್ತದೆ.